ಹೊಗೆಯಲ್ಲಿರುವುದನ್ನು ಬೇರ್ಪಡಿಸುವ ಕಥೆ: ಸುಣ್ಣದ ತಿಳಿಯಿಂದ ಕಾರ್ಬನ್ ಕ್ರೆಡಿಟ್‌ವರೆಗೆ

2023ರಲ್ಲಿ ಕೇಂದ್ರ ಸರ್ಕಾರ ಕಾರ್ಬನ್ ಕ್ರೆಡಿಟ್, ಅಂದರೆ ಗಾಳಿಗೆ ಸೇರುವ ಕಾರ್ಬನ್ ತಗ್ಗಿಸಿದ್ದಕ್ಕೆ ಸಿಗುವ, ಮಾರಬಹುದಾದ ಪ್ರಮಾಣಪತ್ರದ ವ್ಯಾಪಾರದ ಯೋಜನೆ ಪ್ರಕಟಿಸಿದ ಮೇಲೆ ಆ ಮಾತು ಹಾಸನ, ಚಿಕ್ಕಮಗಳೂರಿನ ಬೆಳೆಗಾರರ ನಡುವೆಯೂ ಓಡಾಡುತ್ತಿದೆ. ಮರ ಬೆಳೆಸಿದ್ದಕ್ಕೆ ದುಡ್ಡು ಬರುತ್ತದಾ ಅನ್ನುವುದು ಮೊದಲ ಪ್ರಶ್ನೆ. ಅದರ ಬೆನ್ನಿಗೇ ಇನ್ನೊಂದು. ಬಾಯ್ಲರ್ ಚಿಮಣಿಯಲ್ಲಿ ಹೋಗುವ ಕಾರ್ಬನ್ ಡೈಆಕ್ಸೈಡನ್ನು ಅಲ್ಲೇ ಹಿಡಿದುಬಿಟ್ಟರೆ ಆಗಲ್ವಾ?

ಹಿಡಿಯಬಹುದು. ಅದರಲ್ಲಿ ಗುಟ್ಟೇನೂ ಇಲ್ಲ. ಆದರೂ ಕೆಲಸ ಯಾಕೆ ಇಷ್ಟು ನಿಧಾನ ಅಂತ ತಿಳಿಯಬೇಕಾದರೆ ಹೊಗೆಯಲ್ಲಿ ಏನಿದೆ ಅಂತ ನೋಡಬೇಕು.

ಕಟ್ಟಿಗೆ, ಕಾಫಿ ಹೊಟ್ಟು, ಕಲ್ಲಿದ್ದಲು, ಯಾವುದನ್ನೇ ಉರಿಸಿ, ಹೊಗೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವುದು ಸಾರಜನಕ. ಗಾಳಿಯಲ್ಲಿ ಶೇ 78ರಷ್ಟು ಅದೇ ಇದೆ. ಬೆಂಕಿಗೆ ಬೇಕಾದದ್ದು ಆಮ್ಲಜನಕ ಮಾತ್ರ. ಸಾರಜನಕ ಕರೆಯದೇ ಬಂದ ನೆಂಟನ ಹಾಗೆ ಒಳಗೆ ಬಂದು, ಬೆಚ್ಚಗಾಗಿ, ಹೊರಗೆ ಹೋಗುತ್ತದೆ. ಕಲ್ಲಿದ್ದಲಿನ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಇರುವುದು ಶೇ 12ರಿಂದ 15. ಗ್ಯಾಸ್ ಟರ್ಬೈನ್ ಹೊಗೆಯಲ್ಲಿ ಶೇ 4ರ ಆಸುಪಾಸು. ಇಷ್ಟನ್ನು ಹೆಕ್ಕಲು ಉಳಿದದ್ದನ್ನೆಲ್ಲ ಯಂತ್ರದ ಮೂಲಕ ಹಾಯಿಸಬೇಕು. ಖರ್ಚು ಶುರುವಾಗುವುದೇ ಇಲ್ಲಿಂದ.

1750ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಈ ಅನಿಲವನ್ನು ಸುಣ್ಣದಿಂದ ಗುರುತಿಸಿದ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ಅದು ಬೆಳ್ಳಗೆ ಕದಡುತ್ತದಲ್ಲ, ಅದೇ. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದೂ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡೇ. ಹೀರಲು ಏನೂ ಖರ್ಚಿಲ್ಲ. ಆದರೆ ಹೀರಿದ್ದನ್ನು ಬಿಡಿಸಿ ಸುಣ್ಣವನ್ನು ಮತ್ತೆ ಹೊಸದು ಮಾಡಬೇಕೆಂದರೆ ಸುಣ್ಣದ ಗೂಡಿನಲ್ಲಿ 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕು. ಮುಂದಿನ ಎರಡೂವರೆ ಶತಮಾನದ ತಲೆನೋವು ಇದೇ.

1870ರ ದಶಕದ ಹೊತ್ತಿಗೆ ಹೊಗೆಯನ್ನು ಬಿಡಿಸಿ ಅಳೆಯುವ ಆರ್ಸಾಟ್ ಉಪಕರಣ ಬಂತು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರು ಇದರ ಲೆಕ್ಕ ಮಾಡದೇ ಪಾಸಾಗಿರಲಾರರು. ಮರದ ಪೆಟ್ಟಿಗೆಯಲ್ಲಿ ಒಂದು ಅಳತೆಯ ಗಾಜಿನ ಕೊಳವೆ, ಪಕ್ಕದಲ್ಲಿ ಮೂರು ಗಾಜಿನ ಬುಡ್ಡಿ. ಚಿಮಣಿಯಿಂದ 100 ಮಿಲಿ ಹೊಗೆ ಎಳೆದುಕೊಂಡು ಮೊದಲ ಬುಡ್ಡಿಯ ಕಾಸ್ಟಿಕ್ ಪೊಟ್ಯಾಶ್ ದ್ರಾವಣಕ್ಕೆ ಹಾಯಿಸಬೇಕು. ವಾಪಸ್ ತಂದಾಗ 88 ಮಿಲಿ ಉಳಿದಿದ್ದರೆ ಕಾರ್ಬನ್ ಡೈಆಕ್ಸೈಡ್ ಶೇ 12. ಎರಡನೆಯ ಬುಡ್ಡಿಯ ಪೈರೋಗ್ಯಾಲಾಲ್ ಆಮ್ಲಜನಕವನ್ನು ನುಂಗುತ್ತದೆ. ಮೂರನೆಯದರ ಕ್ಯುಪ್ರಸ್ ಕ್ಲೋರೈಡ್ ಕಾರ್ಬನ್ ಮೊನಾಕ್ಸೈಡನ್ನು ಹಿಡಿಯುತ್ತದೆ. ಉಳಿದದ್ದು ಸಾರಜನಕ. ಸರದಿ ತಪ್ಪಿಸಿದರೆ ಲೆಕ್ಕ ಕೆಡುತ್ತದೆ, ಯಾಕೆಂದರೆ ಪೈರೋಗ್ಯಾಲಾಲ್ ದ್ರಾವಣ ಕಾರ್ಬನ್ ಡೈಆಕ್ಸೈಡನ್ನೂ ಹೀರುತ್ತದೆ, ಕ್ಯುಪ್ರಸ್ ಕ್ಲೋರೈಡ್ ಆಮ್ಲಜನಕವನ್ನೂ ಬಿಡುವುದಿಲ್ಲ. ಅಳೆಯಲು ಇದು ಸೊಗಸಾದ ದಾರಿ. ಕಾರ್ಖಾನೆಗೆ ಉಪಯೋಗವಿಲ್ಲ, ದ್ರಾವಣ ಒಮ್ಮೆ ಸೋತರೆ ಚೆಲ್ಲಬೇಕು.

ಅನಿಲ ಬೇರ್ಪಡಿಸುವ ದೊಡ್ಡ ಕೆಲಸ ನಮ್ಮ ಪಕ್ಕದಲ್ಲೇ ನಡೆದಿತ್ತು ಅನ್ನುವುದು ಈ ಚರ್ಚೆಯಲ್ಲಿ ಬರುವುದೇ ಇಲ್ಲ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಭದ್ರಾವತಿ ಕಾರ್ಖಾನೆಯ ಮೊದಲ ಹೆಸರಿನಲ್ಲಿ ಕಬ್ಬಿಣದ ಜೊತೆ ಕಟ್ಟಿಗೆಯ ಬಟ್ಟಿ ಇಳಿಸುವಿಕೆಯೂ ಇತ್ತು. ಅದಿರು ಚಿಕ್ಕಮಗಳೂರು ಜಿಲ್ಲೆಯ ಕೆಮ್ಮಣ್ಣುಗುಂಡಿಯಿಂದ, ಕಟ್ಟಿಗೆ ಸುತ್ತಲಿನ ಮಲೆನಾಡ ಕಾಡಿನಿಂದ. ಕಲ್ಲಿದ್ದಲು ಹತ್ತಿರದಲ್ಲಿಲ್ಲದ ಕಾರಣ ಅದಿರು ಕರಗಿಸುವ ಊದುಕುಲುಮೆಗೆ ಇದ್ದಿಲೇ ಗತಿ.

ಕಾಡಿನಲ್ಲಿ ಇದ್ದಿಲು ಸುಡುವವರು ಹೊಗೆಯನ್ನು ಸುಮ್ನೆ ಬಿಟ್ಟುಬಿಡುತ್ತಿದ್ದರು. ಭದ್ರಾವತಿಯಲ್ಲಿ ಬಿಡಲಿಲ್ಲ. ಕಟ್ಟಿಗೆಯನ್ನು ರಿಟಾರ್ಟ್ ಎಂಬ ಗಾಳಿಯಾಡದ ಕಬ್ಬಿಣದ ಪಾತ್ರೆಯಲ್ಲಿ ಕಾಯಿಸಿ, ಬರುವ ಹೊಗೆಯನ್ನು ತಣ್ಣಗಾಗಿಸಿದರು. ಡಾಂಬರು ಕೆಳಗೆ ಇಳಿಯುತ್ತದೆ. ಮೇಲೆ ಹುಳಿ ವಾಸನೆಯ ಕಂದು ನೀರು ನಿಲ್ಲುತ್ತದೆ. ಆ ನೀರಿನಲ್ಲಿರುವ ಮರದ ಸ್ಪಿರಿಟ್, ಅಂದರೆ ಮೆಥನಾಲ್, 65 ಡಿಗ್ರಿಗೇ ಕುದಿಯುವುದರಿಂದ ಬಟ್ಟಿ ಇಳಿಸಿದರೆ ಬೇರೆಯಾಗುತ್ತದೆ. ಹುಳಿಗೆ ಸುಣ್ಣ ಬೆರೆಸಿದರೆ ಕ್ಯಾಲ್ಸಿಯಂ ಅಸಿಟೇಟ್. ಎಷ್ಟು ತಣಿಸಿದರೂ ದ್ರವವಾಗದೆ ಉಳಿಯುವ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್, ಮೀಥೇನ್ ಇರುತ್ತವೆ, ಅದು ಉರುವಲಾಗುತ್ತದೆ. ಇಲ್ಲಿ ಗಾಳಿಯನ್ನು ಒಳಗೆ ಬಿಡದ ಕಾರಣ ಸಾರಜನಕದ ರಗಳೆಯೇ ಇಲ್ಲ, ಅದಕ್ಕೇ ಬರೀ ತಣಿಸಿದರೆ ಇಷ್ಟೆಲ್ಲ ಕೈಗೆ ಸಿಕ್ಕಿತು. ಹಾಗಂತ ಕಾಡು ಬೋಳಾಗಿದ್ದನ್ನು ಮರೆತು ಹೊಗಳುವ ಹಾಗೂ ಇಲ್ಲ.

ಗ್ರಹಚಾರ ನೋಡಿ, ಅದೇ 1923ರಲ್ಲಿ ಜರ್ಮನಿಯ ಲಾಯ್ನಾದಲ್ಲಿ ಬಿಎಎಸ್‌ಎಫ್ ಕಂಪನಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಸೇರಿಸಿ ಮೆಥನಾಲ್ ಮಾಡತೊಡಗಿತು. ಕೆಲವೇ ವರ್ಷಗಳಲ್ಲಿ ಅದು ಎಷ್ಟು ಅಗ್ಗವಾಯಿತೆಂದರೆ ಮರದ ಸ್ಪಿರಿಟ್‌ಗೆ ಪೈಪೋಟಿ ಕೊಡಲಾಗಲಿಲ್ಲ. ಬೇರ್ಪಡಿಸುವ ವಿದ್ಯೆ ಹಾಗೇ ಇತ್ತು, ಬೇರ್ಪಡಿಸಿದ್ದರ ಬೆಲೆ ಇಳಿಯಿತು.

ಅಮೆರಿಕದ ರಾಬರ್ಟ್ ಬಾಟಮ್ಸ್‌ಗೆ 1930ರಲ್ಲಿ ಸಿಕ್ಕ ಪೇಟೆಂಟ್ ಇಂದಿಗೂ ಈ ರಂಗದ ಬೆನ್ನೆಲುಬು. ಅಮೀನ್ ಎಂಬ ರಾಸಾಯನಿಕದ ದ್ರಾವಣ 40 ಡಿಗ್ರಿಯ ಸುಮಾರಿಗೆ ಕಾರ್ಬನ್ ಡೈಆಕ್ಸೈಡನ್ನು ಹೀರುತ್ತದೆ, 120ರ ಸುಮಾರಿಗೆ ಬಿಟ್ಟುಕೊಡುತ್ತದೆ. ಸುಣ್ಣದ 900 ಎಲ್ಲಿ, ಇದರ 120 ಎಲ್ಲಿ! ಆದರೂ ಆ ಬಿಸಿಗೆ ಬೇಕಾದ ಹಬೆ ಅದೇ ಬಾಯ್ಲರಿನಿಂದ ಬರಬೇಕು. ಕಲ್ಲಿದ್ದಲು ಸ್ಥಾವರವಾದರೆ ಸರಿಸುಮಾರು ಐದರಲ್ಲೊಂದು ಪಾಲು ಕರೆಂಟು ಇದಕ್ಕೇ ಹೋಗುತ್ತದೆ.

ಆಮೇಲೆ ಜಿಯೋಲೈಟ್ ಎಂಬ ಸಣ್ಣ ರಂಧ್ರಗಳ ಖನಿಜ ಬಂತು, ಅನಿಲ ಸೋಸುವ ಪೊರೆ ಬಂತು, ಸಾರಜನಕವನ್ನು ಮೊದಲೇ ತೆಗೆದು ಬರೀ ಆಮ್ಲಜನಕದಲ್ಲಿ ಉರಿಸುವ ಉಪಾಯ ಬಂತು. ಜಿಯೋಲೈಟ್ ನಮಗೆ ಗೊತ್ತಿರುವುದೇ. 2021ರ ಎರಡನೇ ಅಲೆಯ ಹೊತ್ತಿಗೆ ಆಸ್ಪತ್ರೆಗಳಲ್ಲಿ ಕೂರಿಸಿದ ಆಕ್ಸಿಜನ್ ಪ್ಲಾಂಟುಗಳಲ್ಲಿ ಇದ್ದದ್ದು ಅದರ ಕಾಳುಗಳು. ಒತ್ತಡ ಹಾಕಿದರೆ ಸಾರಜನಕವನ್ನು ಹಿಡಿದು, ಒತ್ತಡ ಇಳಿಸಿದರೆ ಬಿಡುತ್ತವೆ. ಕಾರ್ಬನ್ ಡೈಆಕ್ಸೈಡನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತವೆ. ಆದರೆ ಹೊಗೆಯಲ್ಲಿ ನೀರಾವಿ ಇರುತ್ತದೆ, ಜಿಯೋಲೈಟಿಗೆ ನೀರೆಂದರೆ ಅದಕ್ಕಿಂತ ಪ್ರೀತಿ. ಹಸಿ ಕಟ್ಟಿಗೆ ಉರಿಸುವ ಕಡೆ ಇದು ದೊಡ್ಡ ತೊಡಕು.

ತೂತುಕುಡಿಯಲ್ಲಿ 2016ರಲ್ಲಿ ಒಂದು ರಾಸಾಯನಿಕ ಕಾರ್ಖಾನೆ ತನ್ನ ಕಲ್ಲಿದ್ದಲು ಬಾಯ್ಲರಿನ ಹೊಗೆಯಿಂದ ವರ್ಷಕ್ಕೆ 60,000 ಟನ್ ಕಾರ್ಬನ್ ಡೈಆಕ್ಸೈಡ್ ಹಿಡಿಯುವ ಘಟಕ ಹಾಕಿತು. ಅವರಿಗೆ ಸೋಡಾ ಬೂದಿ ಮಾಡಲು ಅದೇ ಬೇಕಿತ್ತು. ಅಮೆರಿಕದ ಟೆಕ್ಸಾಸಿನಲ್ಲಿ 2017ರಲ್ಲಿ ಶುರುವಾದ ಪೆಟ್ರಾ ನೋವಾ ಘಟಕ, ಹಿಡಿದ ಅನಿಲವನ್ನು ಹಳೆಯ ಎಣ್ಣೆ ಬಾವಿಗೆ ನುಗ್ಗಿಸಿ ಎಣ್ಣೆ ಎತ್ತುತ್ತಿತ್ತು. 2020ರಲ್ಲಿ ಎಣ್ಣೆಯ ಬೆಲೆ ಬಿದ್ದಾಗ ನಿಂತಿತು, 2023ರಲ್ಲಿ ಮತ್ತೆ ಶುರುವಾಯಿತು. ಕೊಳ್ಳುವವರಿಲ್ಲದ ಅನಿಲದ ಗತಿ ಬೇರೆ. ಉಷ್ಣ ಸ್ಥಾವರಗಳ ಹೊಗೆಯಿಂದ ಗಂಧಕದ ಡೈಆಕ್ಸೈಡ್ ತೆಗೆಯಬೇಕೆಂಬ ನಿಯಮ 2015ರಲ್ಲಿ ಬಂತು, ಗಡುವು ಮುಂದೆ ಹೋಗುತ್ತಲೇ ಇತ್ತು, 2025ರಲ್ಲಿ ಹೆಚ್ಚಿನ ಸ್ಥಾವರಗಳಿಗೆ ವಿನಾಯಿತಿಯೂ ಸಿಕ್ಕಿತು.

ಈಗ ನಮ್ಮ ಕಡೆಯ ಬಾಯ್ಲರುಗಳಿಗೆ ಬರೋಣ. ಅಕ್ಕಿ ಗಿರಣಿ, ಡೈರಿ, ಬಟ್ಟೆ ಕಾರ್ಖಾನೆ, ಎಲ್ಲ ಚಿಕ್ಕ ಚಿಮಣಿಗಳು, ಒಂದೊಂದು ಒಂದೊಂದು ಕಡೆ. ಒಂದೊಂದಕ್ಕೂ ಹೊಗೆಯನ್ನು ಅಮೀನ್ ದ್ರಾವಣಕ್ಕೆ ಹಾಯಿಸುವ ಗೋಪುರ ನಿಲ್ಲಿಸುವುದು ಆಗುವ ಮಾತಲ್ಲ. ಹಿಡಿದರೂ ನೆಲದಡಿ ತುಂಬಲು ಇಲ್ಲಿನ ಹಳೆಯ ಗಟ್ಟಿ ಬಂಡೆಯಲ್ಲಿ ಎಣ್ಣೆ ಬಾವಿಗಳಲ್ಲಿರುವಂಥ ರಂಧ್ರಗಳಿಲ್ಲ. ಸೋಡಾ ತುಂಬುವವರಿಗೆ, ವೆಲ್ಡಿಂಗ್‌ನವರಿಗೆ ಮಾರೋಣ ಅಂದರೆ, ಡಿಸ್ಟಿಲರಿಯ ಹುದುಗಿನಿಂದ, ಗೊಬ್ಬರ ಕಾರ್ಖಾನೆಯಿಂದ ಹೆಚ್ಚುಕಡಿಮೆ ಶುದ್ಧವಾಗಿಯೇ ಬರುವ ಕಾರ್ಬನ್ ಡೈಆಕ್ಸೈಡ್ ಅವರಿಗೆ ಅಗ್ಗದಲ್ಲಿ ಸಿಗುತ್ತದೆ. ಕ್ರೆಡಿಟ್ ಒಂದರ ಬೆಲೆ ಅಮೀನ್ ಕಾಯಿಸುವ ಹಬೆಯ ಖರ್ಚನ್ನು ದಾಟಿದರೆ ಲೆಕ್ಕ ಬದಲಾಗಬಹುದು. ಅಲ್ಲಿಯವರೆಗೆ ನಮ್ಮ ಬಾಯ್ಲರ್ ಮನೆಗಳಲ್ಲಿ ಲಾಭ ಕೊಡುವ ಕೆಲಸ ಆರ್ಸಾಟ್ ಕಾಲದ್ದೇ: ಹೊಗೆ ಅಳೆದು ನೋಡಿ, ಆಮ್ಲಜನಕ ಜಾಸ್ತಿ ಉಳಿದಿದ್ದರೆ ಗಾಳಿಯ ಹರಿವು ಹೊಂದಿಸುವ ಡ್ಯಾಂಪರ್ ತುಸು ಮುಚ್ಚುವುದು, ಮೊನಾಕ್ಸೈಡ್ ಕಂಡರೆ ತುಸು ತೆರೆಯುವುದು.