ಮೊಟ್ಟೆ ಬಿರಿದಿದೆ, ಮರಿ ಬಂದಿಲ್ಲ

"ಡಾಕ್ಟ್ರೇ, ನಿನ್ನೆ ರಾತ್ರಿನೇ ಮೊಟ್ಟೆ ಬಿರುಕು ಬಿಟ್ಟಿದೆ. ಒಳಗಿಂದ ಸಣ್ಣಗೆ ಚಿಂವ್ ಚಿಂವ್ ಅಂತ ಕೇಳ್ತಿದೆ. ಮರಿ ಮಾತ್ರ ಹೊರಗೆ ಬಂದಿಲ್ಲ. ನಾವೇ ಚಿಪ್ಪು ಬಿಡಿಸಿಬಿಡೋಣ್ವಾ?"

ಮನೆಯಲ್ಲಿ ಚಿಕ್ಕ ಇನ್‌ಕ್ಯುಬೇಟರ್, ಅಂದರೆ ಮೊಟ್ಟೆಗೆ ಕಾವು ಕೊಡುವ ಯಂತ್ರ, ಇಟ್ಟುಕೊಂಡು ಕೋಳಿಮರಿ ಮಾಡಿಸುವವರಿಂದ ನನಗೆ ಹೆಚ್ಚಾಗಿ ಬರುವ ಕರೆ ಇದು. ಬರುವುದು ಮೊಟ್ಟೆ ಕಾವಿಗೆ ಇಟ್ಟ 20 ಅಥವಾ 21ನೇ ದಿನ, ಮರಿ ಹೊರಬರಬೇಕಾದ ಹೊತ್ತಿಗೆ. ನನ್ನ ಉತ್ತರ ಪ್ರತಿ ಸಲವೂ ಒಂದೇ: ಮುಚ್ಚಳ ತೆಗೆಯಬೇಡಿ, ಕಾಯಿರಿ. ಆದರೆ ಫೋನಿಟ್ಟ ಮೇಲೆ ನನ್ನನ್ನು ಕಾಡುವ ಪ್ರಶ್ನೆ ಬೇರೆ. ಮೊದಲ 18 ದಿನಗಳಲ್ಲಿ ಆ ಮೊಟ್ಟೆಯಿಂದ ಎಷ್ಟು ನೀರು ಆರಿತ್ತು? ಕೊನೆ ಗಳಿಗೆಯಲ್ಲಿ ಚಿಪ್ಪಿನೊಳಗೇ ಸಾಯುವ ಮರಿಗಳಲ್ಲಿ ಬಹಳಷ್ಟಕ್ಕೆ ಕೇಡು ಶುರುವಾಗಿರುವುದು ಅಲ್ಲಿ.

ಚಿಪ್ಪು ಬಿಡಿಸುವ ವಿಷಯ ಮೊದಲು ಹೇಳಿಬಿಡುತ್ತೇನೆ. ಮೊಟ್ಟೆಯ ದಪ್ಪ ತುದಿಯಲ್ಲಿ ಒಂದು ಗಾಳಿಗೂಡು ಇರುತ್ತದೆ. ಬೇಯಿಸಿದ ಮೊಟ್ಟೆ ಸುಲಿದಾಗ ಒಂದು ತುದಿ ತಟ್ಟೆಯಂತೆ ತಗ್ಗಿರುತ್ತದಲ್ವಾ, ಅದೇ ಜಾಗ. ಮರಿ ಮೊದಲು ಒಳಪೊರೆ ಹರಿದು ಈ ಗಾಳಿಗೂಡಿಗೆ ಕೊಕ್ಕು ಚಾಚುತ್ತದೆ. ಅದು ಶ್ವಾಸಕೋಶದಿಂದ ಉಸಿರಾಡಲು ಶುರು ಮಾಡುವುದು ಆಗ. ಅಲ್ಲಿಯವರೆಗೆ ಚಿಪ್ಪಿನ ಒಳಮೈಗೆ ಅಂಟಿಕೊಂಡು ಹಬ್ಬಿರುವ ರಕ್ತನಾಳಗಳೇ ಅದಕ್ಕೆ ಶ್ವಾಸಕೋಶ. ಗೂಡಿನ ಗಾಳಿ ಸಾಲದಾದಾಗ ಕೊಕ್ಕಿನ ಮೇಲಿರುವ ಪುಟ್ಟ ಗಟ್ಟಿ ಮೊನೆಯಿಂದ ಚಿಪ್ಪನ್ನು ಕುಟ್ಟುತ್ತದೆ. ನಿಮಗೆ ಕಾಣುವ ಮೊದಲ ಬಿರುಕು ಅದು. ಆಮೇಲೆ 12ರಿಂದ 24 ಗಂಟೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಆದರೆ ಒಳಗೆ ಆ ನಾಳಗಳ ರಕ್ತ ಮರಿಯ ಮೈಗೆ ವಾಪಸು ಹೋಗುತ್ತಿರುತ್ತದೆ. ಉಳಿದ ಹಳದಿ ಭಾಗ ಹೊಕ್ಕುಳಿನ ಮೂಲಕ ಹೊಟ್ಟೆಯೊಳಕ್ಕೆ ಸೇರಿಕೊಳ್ಳುತ್ತಿರುತ್ತದೆ.

ಈ ಕೆಲಸ ಮುಗಿಯುವ ಮುಂಚೆ ಚಿಪ್ಪು ಕಿತ್ತರೆ ರಕ್ತ ಸುರಿಯುತ್ತದೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಹಾಗೊಂದು ಮರಿಯನ್ನು ಕಳೆದುಕೊಂಡೆ. ಕನಿಕರಪಟ್ಟು, ಚಿಮಟದಿಂದ ಕಡಲೆಬೀಜದಷ್ಟು ಅಗಲದ ಚಿಪ್ಪು ತೆಗೆದಿದ್ದೆ, ಅಷ್ಟೇ. ಬಿಳಿ ಪೊರೆಯ ಮೇಲೆ ಕೂದಲಿನಂಥ ಕೆಂಪು ಗೆರೆ ಮೂಡಿತು. ಹತ್ತಿ ಒತ್ತಿದೆ, ನಿಲ್ಲಲಿಲ್ಲ. ಹೊಟ್ಟೆಯ ಬಳಿ ಹಳದಿ ಚೀಲ ಇನ್ನೂ ಹೊರಗೇ ಇತ್ತು. ಇನ್ನು ಕೆಲವು ಗಂಟೆ ಬಿಟ್ಟಿದ್ದರೆ ಅದು ತಾನೇ ಬರುತ್ತಿತ್ತು. ಬಿರುಕು ಬಿಟ್ಟು 24 ಗಂಟೆ ದಾಟಿದೆ, ಪೊರೆ ಒಣಗಿ ಕಂದು ಬಣ್ಣಕ್ಕೆ ತಿರುಗಿದೆ ಅಂದರೆ ಮಾತ್ರ ಕೈ ಹಾಕಿ. ಉಗುರುಬೆಚ್ಚಗಿನ ನೀರಲ್ಲಿ ಪೊರೆಯನ್ನು ಒದ್ದೆ ಮಾಡಿ ನೋಡಿ. ಕೆಂಪು ನಾಳ ಕಂಡರೆ ಅಲ್ಲಿಗೇ ನಿಲ್ಲಿಸಿ.

ಈಗ ನೀರಿನ ಲೆಕ್ಕ. ಕಾವಿಗೆ ಇಟ್ಟ ದಿನದಿಂದಲೂ ಚಿಪ್ಪಿನ ಸಾವಿರಾರು ಸಣ್ಣ ರಂಧ್ರಗಳಿಂದ ನೀರು ಆವಿಯಾಗುತ್ತಿರುತ್ತದೆ. ಹಾಗೆ ಆಗಲೇಬೇಕು. ನೀರು ಹೋದಷ್ಟೂ ಗಾಳಿಗೂಡು ದೊಡ್ಡದಾಗುತ್ತದೆ. 18ನೇ ದಿನಕ್ಕೆ ಮೊಟ್ಟೆ ತನ್ನ ತೂಕದಲ್ಲಿ ಸುಮಾರು ನೂರಕ್ಕೆ 12 ಪಾಲು ಕಳೆದುಕೊಂಡಿರಬೇಕು. 60 ಗ್ರಾಂ ಇದ್ದದ್ದು 53 ಗ್ರಾಂ ಆಸುಪಾಸು ಇರಬೇಕು. ನೀರು ಆರದೇ ಉಳಿದರೆ ಮರಿ ಊದಿಕೊಳ್ಳುತ್ತದೆ, ಗಾಳಿಗೂಡು ಚಿಕ್ಕದಾಗಿಯೇ ಉಳಿಯುತ್ತದೆ. ತಿರುಗಲು ಜಾಗವಿಲ್ಲದೆ, ಉಸಿರಿಗೆ ಗಾಳಿಯಿಲ್ಲದೆ ಒಳಗೇ ಸಾಯುತ್ತದೆ. ಜಾಸ್ತಿ ಆರಿದರೆ ಪೊರೆ ಬಿಗಿದು, ಬಡಕಲು ಮರಿಗೆ ಅದನ್ನು ಹರಿಯುವ ಶಕ್ತಿ ಸಾಲದು.

"ನೀರಿನ ತಟ್ಟೆ ಯಾವಾಗಲೂ ತುಂಬಿಟ್ಟಿದ್ದೆ ಡಾಕ್ಟ್ರೇ" ಅಂತ ಎಷ್ಟೋ ಜನ ಹೆಮ್ಮೆಯಿಂದ ಹೇಳುತ್ತಾರೆ. ತೊಂದರೆ ಆಗಿರುವುದು ಅಲ್ಲೇ. ಯಂತ್ರದೊಳಗಿನ ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಮೊಟ್ಟೆಯ ನೀರು ಆರುವುದು ಕಡಿಮೆ. ಮೊದಲ 18 ದಿನ ತೇವಾಂಶ ನೂರಕ್ಕೆ 45ರಿಂದ 55 ಇದ್ದರೆ ಸಾಕು. ಹೊರಗಿನ ಹವೆಯೇ ತೇವವಾಗಿದ್ದರೆ ತಟ್ಟೆಗೆ ನೀರು ಬೇಡವೇ ಬೇಡ ಅನ್ನುವ ದಿನಗಳೂ ಬರುತ್ತವೆ. ಇನ್ನೊಂದು ವಿಷಯ, ತೇವಾಂಶ ಏರುವುದು ನೀರಿನ ಆಳದಿಂದಲ್ಲ, ಅಗಲದಿಂದ. ಆಳವಾದ ಲೋಟಕ್ಕಿಂತ ಅಗಲವಾದ ತಟ್ಟೆ ಹೆಚ್ಚು ಕೆಲಸ ಮಾಡುತ್ತದೆ.

ತೇವಾಂಶದ ಮೀಟರನ್ನು ಸುಮ್ನೆ ನಂಬಬೇಡಿ. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಮರಳಿನಂತೆ ಒದ್ದೆಯಾಗುವಷ್ಟು ನೀರು ಸೇರಿಸಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಇಡಿ. ಮೀಟರು 75 ತೋರಿಸಬೇಕು. 68 ತೋರಿಸಿದರೆ ಅದು 7 ಕಡಿಮೆ ಹೇಳುತ್ತಿದೆ ಅಂತ ಅರ್ಥ. ಅದಕ್ಕಿಂತಲೂ ನನಗೆ ನಂಬಿಕೆ ಇರುವುದು ಅಡುಗೆಮನೆಯ ತಕ್ಕಡಿಯ ಮೇಲೆ. ಎಲ್ಲ ಮೊಟ್ಟೆಗಳನ್ನೂ ಒಟ್ಟಿಗೆ ತೂಗಿ. 12 ಮೊಟ್ಟೆ 720 ಗ್ರಾಂ ಇದ್ದರೆ 7ನೇ ದಿನಕ್ಕೆ ಸುಮಾರು 34 ಗ್ರಾಂ ಇಳಿದಿರಬೇಕು. 20 ಗ್ರಾಂ ಮಾತ್ರ ಇಳಿದಿದ್ದರೆ ನೀರು ಕಡಿಮೆ ಮಾಡಿ. ಸರಿಪಡಿಸಲು ಇನ್ನೂ 11 ದಿನ ಕೈಯಲ್ಲಿವೆ.

ಬಿಸಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಫ್ಯಾನ್ ಇರುವ ಯಂತ್ರದಲ್ಲಿ 37.5 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇಲ್ಲದಿದ್ದರೆ ಮೊಟ್ಟೆಯ ಮೇಲ್ಮಟ್ಟದಲ್ಲಿ ಸುಮಾರು 38.5. ಈಜಿಪ್ಟಿನ ಹಳೆಯ ಮೊಟ್ಟೆ ಒಲೆಗಳಲ್ಲಿ ಕೆಲಸ ಮಾಡುತ್ತಿದ್ದವರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಬಿಸಿ ತಿಳಿದುಕೊಳ್ಳುತ್ತಿದ್ದರಂತೆ. ನಮಗೆ ಆ ಪಳಗಿದ ರೆಪ್ಪೆ ಇಲ್ಲ. ಜ್ವರ ನೋಡುವ ಥರ್ಮಾಮೀಟರ್ ಇದೆಯಲ್ಲ, ಅದನ್ನೂ ನಿಮ್ಮ ಯಂತ್ರದ್ದನ್ನೂ ಒಂದೇ ಲೋಟದ ಬೆಚ್ಚಗಿನ ನೀರಲ್ಲಿ ಅದ್ದಿ ಹೋಲಿಸಿ ನೋಡಿ. ಅರ್ಧ ಡಿಗ್ರಿ ವ್ಯತ್ಯಾಸವೂ ಮುಖ್ಯ. ಕರೆಂಟ್ ಹೋದರೆ ಗಾಬರಿ ಬೇಡ. ಕಾವು ಕೂತ ಹೇಂಟೆಯೂ ಮೇವಿಗೆ ಅಂತ ದಿನಕ್ಕೊಮ್ಮೆ ಎದ್ದು ಹೋಗುತ್ತದೆ. ಕೆಲವು ಗಂಟೆ ತಣ್ಣಗಾದರೆ ಮೊಟ್ಟೆ ತಡೆದುಕೊಳ್ಳುತ್ತದೆ. ಬಿಸಿ 40 ದಾಟಿದರೆ ತಡೆದುಕೊಳ್ಳುವುದು ಕಷ್ಟ.

ಮೊಟ್ಟೆ ಆರಿಸುವಾಗ ಹುಂಜ ಇರುವ ಹಿಂಡಿನದ್ದೇ ಬೇಕು, ಒಂದು ವಾರದೊಳಗಿನದ್ದು. ತೊಳೆಯಬೇಡಿ, ಚಿಪ್ಪಿನ ಮೇಲಿನ ತೆಳು ಪದರ ಹೋದರೆ ರೋಗಾಣುಗಳು ಒಳಗೆ ಇಳಿಯುತ್ತವೆ. ದಿನಕ್ಕೆ 3 ಅಥವಾ 5 ಸಲ ತಿರುಗಿಸಿ. ಬೆಸ ಸಂಖ್ಯೆ ಯಾಕೆ ಅಂದರೆ, ಹಾಗೆ ಮಾಡಿದರೆ ದೀರ್ಘ ರಾತ್ರಿ ಪ್ರತಿದಿನ ಒಂದೇ ಮಗ್ಗುಲಲ್ಲಿ ಕಳೆಯುವುದಿಲ್ಲ. ತಿರುಗಿಸದಿದ್ದರೆ ಪಿಂಡ ಪೊರೆಗೆ ಅಂಟಿಕೊಳ್ಳುತ್ತದೆ. ದಿನ ಎಣಿಸುವಾಗ ಇಟ್ಟ ದಿನ ಸೊನ್ನೆ, 24 ಗಂಟೆ ಕಳೆದರೆ ಒಂದು.

7ನೇ ದಿನ ರಾತ್ರಿ ದೀಪ ಆರಿಸಿ, ಟಾರ್ಚನ್ನು ದಪ್ಪ ತುದಿಗೆ ಒತ್ತಿ ಹಿಡಿಯಿರಿ. ಮೊಟ್ಟೆ ಕಿತ್ತಳೆ ದೀಪದಂತೆ ಬೆಳಗುತ್ತದೆ. ಕಾಲು ಚಾಚಿದ ಜೇಡದ ಹಾಗೆ ಕೆಂಪು ನಾಳಗಳು, ನಡುವೆ ಒಂದು ಕಪ್ಪು ಚುಕ್ಕೆ. ಉಸಿರು ಬಿಗಿಹಿಡಿದು ನೋಡುತ್ತಿರಿ, ಆ ಚುಕ್ಕೆ ತಟ್ಟನೆ ಅಲುಗುತ್ತದೆ. ಸಾವಿರಾರು ಸಲ ನೋಡಿದ್ದೇನೆ, ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಏನೂ ಕಾಣದೆ ತಿಳಿಯಾಗಿದ್ದರೆ ಅದು ಫಲ ಕಟ್ಟದ ಮೊಟ್ಟೆ. ನಾಳಗಳಿಲ್ಲದೆ ಬರೀ ಒಂದು ಕೆಂಪು ಉಂಗುರ ಇದ್ದರೆ ಪಿಂಡ ಸತ್ತಿದೆ. ಎರಡನ್ನೂ ತೆಗೆದುಬಿಡಿ. ಗಾಳಿಗೂಡಿನ ಅಂಚನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ. 14ರಂದು, 18ರಂದು ಮತ್ತೆ ಗೆರೆ ಎಳೆಯಿರಿ. ಗೆರೆ ಕೆಳಗೆ ಇಳಿಯುತ್ತಾ ಬಂದಿರಬೇಕು.

18ನೇ ದಿನ ತಿರುಗಿಸುವುದನ್ನು ನಿಲ್ಲಿಸಿ. ಈಗ ತೇವಾಂಶ 65ರಿಂದ 70ಕ್ಕೆ ಏರಿಸಿ, ಗಾಳಿ ಕಿಂಡಿಗಳನ್ನು ತೆರೆದಿಡಿ, ಮುಚ್ಚಳ ಹಾಕಿ. ಇನ್ನು ಅದನ್ನು ತೆಗೆಯುವ ಹಾಗಿಲ್ಲ. ತೆಗೆದ ಕೂಡಲೇ ತೇವ ಹಾರಿಹೋಗುತ್ತದೆ, ಬಿರುಕು ಬಿಟ್ಟ ಮೊಟ್ಟೆಯ ಪೊರೆ ಒಣಗಿ ಮರಿಯ ಮೈಗೆ ಸುತ್ತಿಕೊಳ್ಳುತ್ತದೆ. ಮೊದಲು ಬಂದ ಮರಿಗೆ ಹಸಿವಾಗುತ್ತದೆ ಅನ್ನುವ ಚಿಂತೆಯೂ ಬೇಡ. ಹೊಟ್ಟೆಯೊಳಗಿನ ಹಳದಿ ಎರಡು ದಿನಕ್ಕೆ ಸಾಕು. ಮೈ ಒಣಗಿ ಪುಕ್ಕ ಅರಳಿದ ಮೇಲೆ, ಮಿಕ್ಕ ಮೊಟ್ಟೆಗಳಲ್ಲಿ ಹೊಸ ಬಿರುಕು ಇಲ್ಲದ ಹೊತ್ತು ನೋಡಿ 35 ಡಿಗ್ರಿ ಬೆಚ್ಚಗಿರುವ ಪೆಟ್ಟಿಗೆಗೆ ಸಾಗಿಸಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಮಕ್ಕಳ ಕೈಯನ್ನೂ ತೊಳೆಸಿ.

23ನೇ ದಿನಕ್ಕೂ ಒಡೆಯದ ಮೊಟ್ಟೆಗಳನ್ನು ಎಸೆಯುವ ಮುಂಚೆ ಟಾರ್ಚ್ ಹಿಡಿದು ನೋಡಿ, ಕಿವಿಗೆ ಹಿಡಿದು ಕೇಳಿ. ಜೀವ ಇಲ್ಲ ಅಂತ ಖಾತ್ರಿಯಾದರೆ ಮನೆಯಿಂದ ಹೊರಗೆ ಒಯ್ದು ದಪ್ಪ ತುದಿಯಿಂದ ಒಡೆಯಿರಿ. ಇದು ಯಾರಿಗೂ ಇಷ್ಟವಿಲ್ಲದ ಕೆಲಸ, ಗೊತ್ತು. ಆದರೂ ಮಾಡಿ. ಪೂರ್ತಿ ಬೆಳೆದ ಮರಿ ನೀರು ನೀರಾಗಿ ಊದಿದ್ದರೆ ತೇವ ಜಾಸ್ತಿಯಾಗಿತ್ತು. ಪೊರೆಗೆ ಅಂಟಿ ಒಣಗಿದ್ದರೆ ಕಡಿಮೆಯಾಗಿತ್ತು, ಇಲ್ಲವೇ ಮುಚ್ಚಳ ಪದೇ ಪದೇ ತೆರೆದಿತ್ತು. ಕೊಕ್ಕು ಚೂಪು ತುದಿಯ ಕಡೆ ಇದ್ದರೆ ಮೊಟ್ಟೆಯನ್ನು ತಲೆಕೆಳಗಾಗಿ ಇಟ್ಟಿದ್ದಿರಬಹುದು. ಕಂಡದ್ದನ್ನು ತೂಕ ಬರೆದಿಟ್ಟ ಅದೇ ಹಾಳೆಯ ಕೆಳಗೆ ಬರೆಯಿರಿ. ಮುಂದಿನ ಸಲ ನನಗೆ ಫೋನ್ ಮಾಡುವಾಗ ಆ ಹಾಳೆ ನಿಮ್ಮ ಕೈಯಲ್ಲಿರಲಿ.