ಮನೆಯಿಂದ ಕೆಲಸ ಮಾಡುವವರು ನಿಜಕ್ಕೂ ಕೆಲಸ ಮಾಡ್ತಿದ್ದಾರಾ? ತಿಳಿಯೋದು ಹೇಗೆ?

ಓದುಗರ ಪ್ರಶ್ನೆ: ನಮ್ಮದು ಸಣ್ಣ ಕಂಪನಿ. ಮೊದಲ ಸಲ ಮೂರು ಜನರನ್ನು ಪೂರ್ತಿ ರಿಮೋಟ್ ಆಗಿ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದೇವೆ. ಅವರು ಮನೆಯಲ್ಲಿ ಕೂತು ನಿಜವಾಗಿ ಕೆಲಸ ಮಾಡ್ತಿದ್ದಾರೋ ಇಲ್ವೋ ಅಂತ ಗೊತ್ತಾಗೋದು ಹೇಗೆ? ಅವರ ಕಂಪ್ಯೂಟರ್ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ಹಾಕಿಸಬೇಕಾ?

ಉತ್ತರ: ಆ ಸಾಫ್ಟ್‌ವೇರ್ ಬೇಡ. ಅದಕ್ಕೆ ಹೋಗುವ ದುಡ್ಡು, ಅದರ ರಿಪೋರ್ಟ್ ನೋಡುತ್ತಾ ಕೂರುವ ಹೊತ್ತು, ಎರಡನ್ನೂ ಜನರನ್ನು ಆರಿಸುವಾಗ ಮತ್ತು ಕೆಲಸ ಒಪ್ಪಿಸುವಾಗ ಖರ್ಚು ಮಾಡಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ಆತಂಕ ನಿಮಗೊಬ್ಬರಿಗೇ ಇರುವುದಲ್ಲ. 2022ರಲ್ಲಿ ಮೈಕ್ರೋಸಾಫ್ಟ್ ಹಲವು ದೇಶಗಳಲ್ಲಿ ಸಮೀಕ್ಷೆ ಮಾಡಿತು. ತಾವು ಚೆನ್ನಾಗಿಯೇ ಕೆಲಸ ಮಾಡುತ್ತಿದ್ದೇವೆ ಅಂದ ನೌಕರರು ಶೇ 87. ತಮ್ಮ ಟೀಮ್ ಚೆನ್ನಾಗಿ ಕೆಲಸ ಮಾಡುತ್ತಿದೆ ಅನ್ನುವ ಪೂರ್ತಿ ನಂಬಿಕೆ ಇದ್ದ ಮೇಲಧಿಕಾರಿಗಳು ಬರೀ ಶೇ 12. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿದ್ದಾರೆ ಅಂತ ನನಗೆ ಅನಿಸುವುದಿಲ್ಲ. ಕೆಲಸ ಮುಗಿದಿದೆ ಅಂತ ಯಾವಾಗ ಹೇಳಬಹುದು ಅನ್ನೋದನ್ನು ಇಬ್ಬರೂ ಕೂತು ಮಾತಾಡಿಯೇ ಇರಲಿಕ್ಕಿಲ್ಲ.

ಆಫೀಸಿನಲ್ಲಿ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಬೆಳಿಗ್ಗೆ ಬಂದವರು ಸಂಜೆವರೆಗೂ ಕುರ್ಚಿಯಲ್ಲಿ ಕೂತಿದ್ದರೆ ಏನೋ ನಡೀತಿದೆ ಅಂತ ಸಮಾಧಾನ. ಈ ವಾರ ಅವರು ಏನು ಮುಗಿಸಬೇಕಿತ್ತು ಅಂತ ಕೇಳಿದರೆ ತಡವರಿಸದೆ ಹೇಳುವ ಮ್ಯಾನೇಜರ್‌ಗಳು ಎಷ್ಟು ಜನ ಇದ್ದಾರು? ರಿಮೋಟ್ ಆದ ಕೂಡಲೇ ಆ ಕುರ್ಚಿ ಕಾಣಿಸುವುದಿಲ್ಲ, ಸಮಾಧಾನವೂ ಹೋಗುತ್ತದೆ. ಆಗ ಸ್ಕ್ರೀನ್‌ಶಾಟ್ ಬೇಕು ಅನಿಸುತ್ತದೆ.

ಆದರೆ ಆ ಸಾಫ್ಟ್‌ವೇರ್ ಅಳೆಯೋದು ಏನನ್ನು? ಮೌಸ್ ಎಷ್ಟು ಅಲುಗಾಡಿತು, ಕೀಬೋರ್ಡಿನ ಕೀಲಿ ಎಷ್ಟು ಸಲ ಒತ್ತಿದರು, ಸ್ಕ್ರೀನ್ ಮೇಲೆ ಯಾವ ಕಿಟಕಿ ಎಷ್ಟು ಹೊತ್ತು ತೆರೆದಿತ್ತು ಅನ್ನುವುದನ್ನು. ಸಿಟ್ಟಾದ ಗ್ರಾಹಕರ ಜೊತೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡಿ ಅವರನ್ನು ಉಳಿಸಿಕೊಂಡವರು ಅದರ ಲೆಕ್ಕದಲ್ಲಿ ಸುಮ್ನೆ ಕೂತವರು. ಇನ್ನು ಮೋಸ ಮಾಡುವವರಿಗೆ ಮೌಸ್ ಜಿಗ್ಲರ್ ಅನ್ನುವ ಪುಟ್ಟ ಸಾಧನ ಸಿಗುತ್ತದೆ, ಅದು ತಾನೇ ಮೌಸ್ ಅಲುಗಾಡಿಸುತ್ತಾ ಇರುತ್ತದೆ. ಕೊನೆಗೆ ನೋವಾಗೋದು ನಿಯತ್ತಾಗಿ ದುಡಿಯುವವರಿಗೆ. ಅವರೇ ಮೊದಲು ಬಿಟ್ಟು ಹೋಗುತ್ತಾರೆ, ಯಾಕೆಂದರೆ ಅವರಿಗೆ ಬೇರೆ ಕಡೆ ಕೆಲಸ ಬೇಗ ಸಿಗುತ್ತದೆ. ಕಂಪನಿಯ ಮಾಹಿತಿ ಸೋರದಂತೆ ನೋಡಿಕೊಳ್ಳುವ ಭದ್ರತಾ ಸಾಫ್ಟ್‌ವೇರ್ ವಿಷಯ ಬೇರೆ. ಅದು ಬೇಕು. ಅದನ್ನು ಹಾಕಿದ್ದೇವೆ, ಇಂತಿಂಥದ್ದನ್ನು ನೋಡುತ್ತದೆ ಅಂತ ಮೊದಲ ದಿನವೇ ಬಾಯಿಬಿಟ್ಟು ಹೇಳಿಬಿಡಿ.

ಹಾಗಾದರೆ ಮನೆಯಿಂದ ಕೆಲಸ ಚೆನ್ನಾಗಿ ಆಗುತ್ತಾ? ಸಂಶೋಧನೆಗಳು ಎರಡೂ ಥರ ಹೇಳಿವೆ. ಯಾವಾಗ ಆಯಿತು, ಯಾವಾಗ ಆಗಲಿಲ್ಲ ಅಂತ ನೋಡಿದರೆ ನಿಮಗೆ ಬೇಕಾದ ಉತ್ತರ ಅಲ್ಲೇ ಸಿಗುತ್ತದೆ.

ಚೀನಾದ ಸಿಟ್ರಿಪ್ ಅನ್ನುವ ಪ್ರವಾಸ ಕಂಪನಿಯ ಕಾಲ್ ಸೆಂಟರ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಪ್ರಯೋಗ ನಡೆಸಿದರು. ಅದರ ವರದಿ 2015ರಲ್ಲಿ ಬಂತು. ವಾರಕ್ಕೆ ನಾಲ್ಕು ದಿನ ಮನೆಯಿಂದ ದುಡಿದವರ ಕೆಲಸ ಶೇ 13ರಷ್ಟು ಹೆಚ್ಚಿತು. ಕೆಲಸ ಬಿಡುವವರು ಅರ್ಧಕ್ಕರ್ಧ ಕಡಿಮೆಯಾದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಮನೆಗೆ ಯಾರನ್ನು ಕಳಿಸಿದ್ದರು ಅನ್ನೋದನ್ನು ಜಾಸ್ತಿ ಜನ ಹೇಳುವುದಿಲ್ಲ. ಕಂಪನಿಯಲ್ಲಿ ಆಗಲೇ ಆರು ತಿಂಗಳು ಕಳೆದಿರಬೇಕು, ಮನೆಯಲ್ಲಿ ಕೆಲಸಕ್ಕೆ ಬೇರೆ ಕೋಣೆ ಇರಬೇಕು, ಬ್ರಾಡ್‌ಬ್ಯಾಂಡ್ ಇರಬೇಕು ಅನ್ನುವ ಷರತ್ತು ಇತ್ತು. ಮೇಲಾಗಿ ಅದು ಎಣಿಸಬಹುದಾದ ಕೆಲಸ. ಎಷ್ಟು ಕರೆ ಆಯಿತು ಅಂತ ತಾನಾಗಿಯೇ ದಾಖಲಾಗುತ್ತಿತ್ತು. ಪ್ರಯೋಗ ಮುಗಿದ ಮೇಲೆ ಮನೆಯಲ್ಲಿದ್ದ ಎಷ್ಟೋ ಜನ ಆಫೀಸಿಗೇ ವಾಪಸ್ ಬರ್ತೀವಿ ಅಂದರು. ಒಂಟಿತನ ಅದಕ್ಕೆ ದೊಡ್ಡ ಕಾರಣ.

ಇದರ ಉಲ್ಟಾ ಉದಾಹರಣೆ ಚೆನ್ನೈನದು. ಅಲ್ಲಿ ಡೇಟಾ ಎಂಟ್ರಿ ಕೆಲಸಕ್ಕೆ ಹೊಸಬರನ್ನು ತೆಗೆದುಕೊಂಡು, ಯಾರು ಮನೆ ಯಾರು ಆಫೀಸು ಅಂತ ಚೀಟಿ ಎತ್ತಿದ ಹಾಗೆ ಹಂಚಿದರು. ಮನೆಯಿಂದ ಮಾಡಿದವರ ಕೆಲಸ ಶೇ 18ರಷ್ಟು ಕಡಿಮೆ ಬಂತು. ಆ ಅಂತರದ ಮೂರನೇ ಎರಡು ಭಾಗ ಮೊದಲ ದಿನವೇ ಕಂಡಿತು. ಉಳಿದದ್ದಕ್ಕೆ ಕಾರಣ, ಆಫೀಸಿನಲ್ಲಿ ಕೂತವರು ಬೇಗ ಬೇಗ ಕಲಿತರು.

ಮೂರನೆಯದು ಒಂದು ದೊಡ್ಡ ಐಟಿ ಕಂಪನಿಯ ಹತ್ತು ಸಾವಿರಕ್ಕೂ ಹೆಚ್ಚು ನೌಕರರ ದಾಖಲೆ ನೋಡಿ ಮಾಡಿದ್ದು. ಕೋವಿಡ್ ಹೊತ್ತಿನಲ್ಲಿ ಅವರು ಮನೆಗೆ ಹೋದ ಮೇಲೆ ದುಡಿಯುವ ಗಂಟೆ ಹೆಚ್ಚಾಯಿತು, ಮುಗಿಯುವ ಕೆಲಸ ಮಾತ್ರ ಹೆಚ್ಚಾಗಲಿಲ್ಲ. ಹೆಚ್ಚಿನ ಗಂಟೆಗಳನ್ನು ತಿಂದದ್ದು ಮೀಟಿಂಗ್‌ಗಳು. ಯಾರೂ ತಡೆಯದೆ ಒಂದೇ ಸಮ ಕೂತು ಮಾಡುವ ಹೊತ್ತು ಕಡಿಮೆಯಾಯಿತು. ಇದು ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿ. ಜನ ಸೋಮಾರಿಗಳಾಗಲಿಲ್ಲ, ಜಾಸ್ತಿಯೇ ದುಡಿದರು. ಆ ದುಡಿಮೆ ವ್ಯರ್ಥವಾಗಲು ಬಿಟ್ಟದ್ದು ಕೆಲಸ ನಡೆಸುವ ರೀತಿ.

ಈಗ ನಿಮ್ಮ ಮೂರು ಜನರ ವಿಷಯಕ್ಕೆ ಬರೋಣ.

ರಿಮೋಟ್ ಕೆಲಸಕ್ಕೆ ಆರಿಸುವಾಗ ರೆಸ್ಯೂಮ್ ಮತ್ತು ವಿಡಿಯೋ ಇಂಟರ್‌ವ್ಯೂ ಎರಡೇ ಸಾಲುವುದಿಲ್ಲ. ಇಂಟರ್‌ವ್ಯೂನಲ್ಲಿ ಚೆನ್ನಾಗಿ ಮಾತಾಡುವವರು ಗೆಲ್ಲುತ್ತಾರೆ. ನಿಮಗೆ ಬೇಕಾಗಿರೋದು ಚೆನ್ನಾಗಿ ಬರೆಯುವವರು, ಸಿಕ್ಕಿಹಾಕಿಕೊಂಡಾಗ ಬಾಯಿಬಿಡುವವರು. ಇದನ್ನು ತಿಳಿಯಲು ನನಗೆ ಗೊತ್ತಿರುವ ಒಳ್ಳೆಯ ದಾರಿ, ಕೊನೆಯ ಸುತ್ತಿಗೆ ಬಂದವರಿಗೆ ಮೂರು ನಾಲ್ಕು ಗಂಟೆಯ ನಿಜವಾದ ಕೆಲಸ ಕೊಡೋದು. ಅದಕ್ಕೆ ಸಂಬಳ ಕೊಡಿ. ಪುಕ್ಕಟೆ ಮಾಡಿಸಿಕೊಳ್ಳೋದು ಅನ್ಯಾಯ. ಈಗಾಗಲೇ ಬೇರೆ ಕಡೆ ಕೆಲಸದಲ್ಲಿರುವ ಒಳ್ಳೆಯವರು ಅದಕ್ಕೆ ಬರುವುದೂ ಇಲ್ಲ. ವೆಬ್‌ಸೈಟ್ ಮಾಡಿಕೊಳ್ಳಲು ಬಳಸುವ ವರ್ಡ್‌ಪ್ರೆಸ್ ಡಾಟ್ ಕಾಮ್ ನಡೆಸುವ ಆಟೋಮ್ಯಾಟಿಕ್ ಕಂಪನಿ ಹೀಗೆ ದುಡ್ಡು ಕೊಟ್ಟು ಕೆಲಸ ಮಾಡಿಸಿ ನೋಡಿಯೇ ಜನರನ್ನು ತೆಗೆದುಕೊಳ್ಳುವುದಕ್ಕೆ ಹೆಸರಾಗಿದೆ.

ಗ್ರಾಹಕರ ದೂರು ನೋಡಿಕೊಳ್ಳಲು ಒಬ್ಬರು ಬೇಕು ಅಂತಿಟ್ಟುಕೊಳ್ಳಿ. ಅರವತ್ತು ಹಳೆಯ ದೂರುಗಳ ಒಂದು ಶೀಟ್ ಕೊಡಿ, ಗ್ರಾಹಕರ ಹೆಸರು ನಂಬರ್ ತೆಗೆದುಹಾಕಿ. ಇವನ್ನು ವಿಂಗಡಿಸಿ, ಜಾಸ್ತಿ ಬಂದಿರುವ ಮೂರು ದೂರುಗಳ ಬಗ್ಗೆ ಅರ್ಧ ಪುಟ ಬರೆಯಿರಿ, ಏನು ಬೇಕಾದರೂ ಕೇಳಬಹುದು ಅನ್ನಿ. ಶೀಟನ್ನು ಶುದ್ಧ ಮಾಡಲು ಹೋಗಬೇಡಿ. ನಿಜವಾದ ಶೀಟ್‌ಗಳಲ್ಲಿ ಇರುವ ಗೊಂದಲ ಇದರಲ್ಲೂ ಇರಲಿ.

ಒಬ್ಬರು ಹೇಳಿದ ಹೊತ್ತಿಗೆ ಅಂದವಾಗಿ ಜೋಡಿಸಿ ಕಳಿಸುತ್ತಾರೆ, ಒಂದೂ ಪ್ರಶ್ನೆ ಇಲ್ಲ. ಇನ್ನೊಬ್ಬರಿಂದ ಶುರು ಮಾಡಿದ ಅರ್ಧ ಗಂಟೆಗೇ ಮೆಸೇಜ್ ಬರುತ್ತದೆ: "14 ಮತ್ತು 31ನೇ ಸಾಲಿನಲ್ಲಿ ಒಂದೇ ದೂರು ಎರಡು ತಾರೀಖಿನಲ್ಲಿದೆ. ಸದ್ಯಕ್ಕೆ ಒಂದೇ ಅಂತ ಎಣಿಸಿ ಮುಂದೆ ಹೋಗುತ್ತಿದ್ದೇನೆ. ತಪ್ಪಾಗಿದ್ದರೆ ಹೇಳಿ, ಬದಲಾಯಿಸುತ್ತೇನೆ." ಎರಡನೆಯವರ ಅರ್ಧ ಪುಟ ಅಷ್ಟೇನೂ ಚೆಂದ ಇಲ್ಲದಿದ್ದರೂ ನಾನು ಅವರನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಆ ಒಂದು ಮೆಸೇಜಿನಲ್ಲಿ ಮೂರು ಸಂಗತಿ ಇವೆ. ಗೊಂದಲ ಎಲ್ಲಿದೆ ಅಂತ ಸಾಲಿನ ನಂಬರ್ ಸಮೇತ ಹೇಳಿದರು. ನಿಮ್ಮ ಉತ್ತರಕ್ಕೆ ಕಾಯುತ್ತಾ ಕೂರಲಿಲ್ಲ. ನೀವು ಬೇರೆ ಹೇಳಿದರೆ ಬದಲಾಯಿಸುವುದಕ್ಕೆ ದಾರಿ ಇಟ್ಟುಕೊಂಡರು. ನೀವು ಎದುರಿಗೆ ಇಲ್ಲದಾಗ ಕೆಲಸ ಸಾಗೋದು ಹೀಗೇ.

ಹಳೆಯ ಮ್ಯಾನೇಜರ್‌ಗೆ ಫೋನ್ ಮಾಡುವ ಅವಕಾಶ ಸಿಕ್ಕರೆ "ಹೇಗಿದ್ದರು?" ಅಂತ ಕೇಳಬೇಡಿ. ಎಲ್ಲರೂ ಚೆನ್ನಾಗಿದ್ದರು ಅಂತಲೇ ಹೇಳೋದು. "ಕೆಲಸ ತಡ ಆಗುತ್ತೆ ಅಂತ ನಿಮಗೆ ಯಾವಾಗ ತಿಳೀತಿತ್ತು, ಎರಡು ದಿನ ಮೊದಲಾ, ಡೆಡ್‌ಲೈನ್ ದಾಟಿದ ಮೇಲಾ?" ಅಂತ ಕೇಳಿ.

ಮನೆಯಲ್ಲಿ ಕೂತು ಮಾಡಲು ಜಾಗ, ನೆಟ್ ಮತ್ತು ಕರೆಂಟ್ ಹೋದರೆ ಬೇರೆ ದಾರಿ ಇದೆಯಾ ಅಂತ ವಿಚಾರಿಸಿ. ಮದುವೆ, ಮಕ್ಕಳ ವಿಷಯ ಬೇಡ, ಅದು ಕೆಲಸಕ್ಕೆ ಸಂಬಂಧವಿಲ್ಲ. ಆಮೇಲೆ, ಆಸಾಮಿ ನಿಜಕ್ಕೂ ಅವರೇನಾ ಅಂತ ಖಚಿತ ಮಾಡಿಕೊಳ್ಳಿ. 2024ರಲ್ಲಿ ಸೈಬರ್ ಭದ್ರತೆ ತರಬೇತಿ ಕೊಡುವ ನೋಬಿಫೋರ್ ಅನ್ನುವ ಕಂಪನಿಯೇ ಕದ್ದ ಗುರುತು ಇಟ್ಟುಕೊಂಡಿದ್ದ ಉತ್ತರ ಕೊರಿಯಾದ ವ್ಯಕ್ತಿಯನ್ನು ನಾಲ್ಕು ವಿಡಿಯೋ ಇಂಟರ್‌ವ್ಯೂ ಮಾಡಿ ಕೆಲಸಕ್ಕೆ ತೆಗೆದುಕೊಂಡಿತ್ತು. ಕಳಿಸಿದ ಲ್ಯಾಪ್‌ಟಾಪ್‌ಗೆ ಆತ ದುಷ್ಟ ಸಾಫ್ಟ್‌ವೇರ್ ತುಂಬಲು ಹೊರಟಾಗ ಸಿಕ್ಕಿಬಿದ್ದ. ಹಾಗಾಗಿ ಗುರುತಿನ ದಾಖಲೆಯ ಮುಖವನ್ನು ವಿಡಿಯೋದಲ್ಲಿ ತಾಳೆ ನೋಡಿ. ಎಲ್ಲ ಫೈಲ್‌ಗಳ ಪಾಸ್‌ವರ್ಡ್ ಒಂದೇ ದಿನ ಕೊಡಬೇಡಿ, ಕೆಲಸಕ್ಕೆ ಬೇಕಾದಷ್ಟೇ ತೆರೆಯುತ್ತಾ ಹೋಗಿ.

ಚೆನ್ನೈನ ಪ್ರಯೋಗ ನೆನಪಿದೆಯಲ್ವಾ? ಹೊಸಬರು ಮನೆಯಲ್ಲಿ ನಿಧಾನವಾಗಿ ಕಲಿಯುತ್ತಾರೆ. ಪಕ್ಕದ ಮೇಜಿನವರನ್ನು ನೋಡಿ ಕಲಿಯುವ ಅವಕಾಶ ಅವರಿಗಿಲ್ಲ. ಚಿಕ್ಕ ಅನುಮಾನಕ್ಕೆ ಯಾರಿಗೆ ಮೆಸೇಜ್ ಮಾಡೋದು, ಏನಂದುಕೊಳ್ಳುತ್ತಾರೋ ಅಂತ ಹಿಂಜರಿಯುತ್ತಾರೆ, ಅರ್ಧ ದಿನ ಕಳೆದುಹೋಗುತ್ತದೆ. ಹಾಗಾಗಿ "ಯಾವ ದಡ್ಡ ಪ್ರಶ್ನೆಯಾದರೂ ಇವರನ್ನು ಕೇಳಿ" ಅಂತ ಒಬ್ಬರನ್ನು ಗೊತ್ತು ಮಾಡಿ. ಮೊದಲ ಕೆಲವು ವಾರ ದಿನಾ ಕಾಲು ಗಂಟೆ ಅವರಿಬ್ಬರೂ ಮಾತಾಡಲಿ. ಮೊದಲ ವಾರದಲ್ಲೇ ಏನಾದರೂ ಒಂದು ಸಣ್ಣ ಕೆಲಸ ಪೂರ್ತಿ ಮುಗಿಸಲಿ.

ಇನ್ನು ಕೆಲಸ ಒಪ್ಪಿಸುವ ಬಗೆ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಮುಖ್ಯ ಉತ್ತರ ಇರೋದು ಇಲ್ಲಿ. "ವೆಬ್‌ಸೈಟಿನ ಪ್ರಶ್ನೋತ್ತರ ಪುಟ ಸ್ವಲ್ಪ ನೋಡಿ, ಸರಿ ಮಾಡಿ" ಅಂತ ಒಂದು ಮೆಸೇಜ್ ಹಾಕುತ್ತೀರಿ. ನಾಲ್ಕು ದಿನ ಆದ ಮೇಲೆ ಏನೂ ಆಗಿಲ್ಲ ಅನಿಸುತ್ತದೆ. ಅವರು ಕಾಗುಣಿತ ತಿದ್ದಿ ಮುಗಿಯಿತು ಅಂದುಕೊಂಡಿರುತ್ತಾರೆ, ನಿಮ್ಮ ಮನಸ್ಸಿನಲ್ಲಿದ್ದದ್ದು ಪುಟವನ್ನೇ ಹೊಸದಾಗಿ ಬರೆಯೋದು. ಅದನ್ನೇ ಹೀಗೆ ಬರೆದು ನೋಡಿ: "ಪ್ರಶ್ನೋತ್ತರ ಪುಟ ಓದಿಯೂ ಜನ ಫೋನ್ ಮಾಡುತ್ತಿದ್ದಾರೆ, ಹೆಚ್ಚಾಗಿ ಹಣ ವಾಪಸಿನ ಬಗ್ಗೆ. ಆ ಭಾಗವನ್ನು ಹೊಸದಾಗಿ ಬರೆಯಬೇಕು. ಎಷ್ಟು ದಿನದಲ್ಲಿ ಹಣ ಬರುತ್ತೆ, ಯಾವಾಗ ಬರಲ್ಲ, ಯಾರಿಗೆ ಬರೆಯಬೇಕು, ಈ ಮೂರಕ್ಕೂ ಉತ್ತರ ಸಿಕ್ಕರೆ ಕೆಲಸ ಮುಗಿದ ಹಾಗೆ. ವಿನ್ಯಾಸ ಮುಟ್ಟುವುದು ಬೇಡ. ಬುಧವಾರ ಕರಡು, ಶುಕ್ರವಾರ ಪುಟ." ಬರೆಯಲು ಹತ್ತು ನಿಮಿಷ ಹಿಡಿಯಬಹುದು. ಆದರೆ ಶುಕ್ರವಾರ ಬಂದಾಗ ಕೆಲಸ ಆಗಿದೆಯೋ ಇಲ್ಲವೋ ಅಂತ ಯಾರೂ ಅನುಮಾನ ಪಡಬೇಕಿಲ್ಲ. ಪುಟ ತೆರೆದು ನೋಡಿದರೆ ಸಾಕು. ಅವರು ಬೆಳಿಗ್ಗೆ ಆರಕ್ಕೆ ಬರೆದರೋ, ಮಧ್ಯಾಹ್ನ ಒಂದು ನಿದ್ದೆ ತೆಗೆದು ಸಂಜೆ ಬರೆದರೋ, ನಿಮಗೇಕೆ?

ದಿನದ ಕೊನೆಗೆ ಎಲ್ಲರೂ ಮೂರು ಸಾಲು ಬರೆಯಲಿ. ಇವತ್ತು ಏನು ಮುಗಿಯಿತು, ನಾಳೆ ಏನು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಮೂರನೇ ಸಾಲಿಗೆ ನೀವು ಮಾರನೇ ದಿನ ಬೆಳಿಗ್ಗೆಯೇ ಉತ್ತರ ಕೊಡಬೇಕು. ನಾಲ್ಕು ಸಲ ಉತ್ತರ ಬರದಿದ್ದರೆ ಐದನೇ ಸಲ ಅವರು "ಎಲ್ಲ ಸರಿ ಇದೆ" ಅಂತ ಬರೆದು ಸುಮ್ಮನಾಗುತ್ತಾರೆ. ಅಲ್ಲಿಗೆ ಆ ಪದ್ಧತಿಯ ಕಥೆ ಮುಗಿಯಿತು. ಈ ಮೂರು ಸಾಲು ಇದ್ದರೆ ಅಪ್‌ಡೇಟ್ ಕೇಳುವ ದಿನದ ಮೀಟಿಂಗ್ ಪೂರ್ತಿ ನಿಲ್ಲಿಸಬಹುದು. ಎಲ್ಲರೂ ಒಟ್ಟಿಗೆ ಸಿಗುವ ಎರಡು ಮೂರು ಗಂಟೆ ಗೊತ್ತು ಮಾಡಿ, ಉಳಿದ ಹೊತ್ತು ಅವರವರ ಕೆಲಸಕ್ಕೆ ಬಿಡಿ.

ಒಂಟಿತನದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ವಾರಕ್ಕೊಮ್ಮೆ ಒಬ್ಬೊಬ್ಬರ ಜೊತೆ ಅರ್ಧ ಗಂಟೆ ಕೂತು ಮಾತಾಡಿ, ಅಲ್ಲಿ ಕೆಲಸದ ಲೆಕ್ಕ ಕೇಳಬೇಡಿ. ನಿಮ್ಮ ಊರಿನವರೇ ಆದರೆ ವಾರಕ್ಕೆ ಒಂದೆರಡು ದಿನ ಒಟ್ಟಿಗೆ ಕೂರುವುದು ಒಳ್ಳೆಯ ಏರ್ಪಾಡು. ಟ್ರಿಪ್ ಡಾಟ್ ಕಾಮ್ ಅಂತ ಹೆಸರು ಬದಲಾದ ಅದೇ ಸಿಟ್ರಿಪ್‌ನಲ್ಲಿ 1,612 ಜನರ ಮೇಲೆ ನಡೆದ ಇನ್ನೊಂದು ಪ್ರಯೋಗದ ವರದಿ 2024ರಲ್ಲಿ ಬಂತು. ಎರಡು ದಿನ ಮನೆ, ಮೂರು ದಿನ ಆಫೀಸು ಅಂತ ಮಾಡಿದಾಗ ಬಿಟ್ಟು ಹೋಗುವವರು ಮೂರನೇ ಒಂದು ಭಾಗ ಕಡಿಮೆಯಾದರು, ಕೆಲಸದ ಗುಣಮಟ್ಟಕ್ಕೂ ಬಡ್ತಿಗೂ ಏನೂ ಪೆಟ್ಟು ಬೀಳಲಿಲ್ಲ.

ಇಷ್ಟೆಲ್ಲ ಮಾಡಿಯೂ ಒಬ್ಬರ ಕೆಲಸ ಆಗುತ್ತಲೇ ಇಲ್ಲ ಅಂದರೆ? ಮೊದಲು ನೇರವಾಗಿ ಕೇಳಿ. ಮನೆಯಲ್ಲಿ ಕಾಯಿಲೆ ಇರಬಹುದು, ಕೆಲಸವೇ ಅರ್ಥವಾಗದೆ ಇರಬಹುದು. ನಂತರ ಕೆಲಸವನ್ನು ಎರಡು ದಿನದ ತುಂಡುಗಳಾಗಿ ಕೊಟ್ಟು ನೋಡಿ. ಕೆಲವರು ಅಷ್ಟರಲ್ಲೇ ಚೇತರಿಸಿಕೊಳ್ಳುತ್ತಾರೆ. ಕೆಲವರಿಗೆ ಜನರ ನಡುವೆ ಇದ್ದರೇ ಕೈ ಓಡುವುದು, ಅದು ಅವರ ತಪ್ಪಲ್ಲ. ಹಾಗಿದ್ದರೆ ತಿಂಗಳುಗಟ್ಟಲೆ ಎಳೆಯದೆ ಮರ್ಯಾದೆಯಿಂದ ಬೀಳ್ಕೊಡಿ.

ಕೊನೆಯದಾಗಿ, ಮೂರು ಜನರನ್ನು ಒಟ್ಟಿಗೆ ತೆಗೆದುಕೊಳ್ಳಬೇಡಿ. ಒಬ್ಬರಿಂದ ಶುರು ಮಾಡಿ. ಅವರು ಮೊದಲ ತಿಂಗಳು ಕೇಳುವ ಪ್ರತಿ ಪ್ರಶ್ನೆಯನ್ನೂ ನಿಮ್ಮ ಉತ್ತರದ ಜೊತೆ ಒಂದು ಡಾಕ್ಯುಮೆಂಟ್‌ನಲ್ಲಿ ಬರೆದಿಡಲು ಅವರಿಗೇ ಹೇಳಿ. ಎರಡನೆಯವರು ಬಂದ ದಿನ ಅದನ್ನು ಕೊಡಿ, ಅರ್ಥವಾಗದ ಕಡೆ ಗುರುತು ಹಾಕಲಿ. ಮೂರನೆಯವರನ್ನು ಕರೆಯೋದು ಆ ಗುರುತುಗಳನ್ನೆಲ್ಲ ಸರಿ ಮಾಡಿದ ಮೇಲೆ.