ಮಟ್ಟ ಬೇರೆ, ಸಪಾಟು ಬೇರೆ: ನಾಲ್ಕಡಿ ಅಕ್ವೇರಿಯಂ ಸ್ಟ್ಯಾಂಡ್ ಮಾಡುವಾಗ ಕಲಿತದ್ದು

ತೊಟ್ಟಿಯ ಅಳತೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. 12 ಮಿ.ಮೀ ಗಾಜು. ಸ್ಟ್ಯಾಂಡ್ ಒಂದೂವರೆ ಇಂಚಿನ ಎಂಎಸ್ (ಮೈಲ್ಡ್ ಸ್ಟೀಲ್) ಸ್ಕ್ವೇರ್ ಪೈಪಿನದು, ಸುತ್ತ ಪ್ಲೈವುಡ್. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನಿಮಗೂ ಇದೇ ಕೆಲಸ ಇದ್ದರೆ ನಾನು ಎಡವಿದ ಜಾಗ ನೋಡಿಕೊಳ್ಳಿ.

ತೂಕ

ನನಗೆ ತುಂಬಾ ಇಷ್ಟವಾದ ಲೆಕ್ಕ ಇದು. ಉದ್ದ, ಅಗಲ, ಎತ್ತರವನ್ನು ಇಂಚಿನಲ್ಲಿ ಗುಣಿಸಿ 61ರಿಂದ ಭಾಗಿಸಿದರೆ ಲೀಟರ್ ಬರುತ್ತದೆ. 48 × 24 × 24 = 27,648. ಭಾಗಿಸಿದರೆ 453 ಲೀಟರ್. ಮೇಲೆ ಎರಡಿಂಚು ಖಾಲಿ ಬಿಟ್ಟರೆ 415. ಒಂದು ಲೀಟರ್ ನೀರು ಒಂದು ಕೆಜಿ, ಹಾಗಾಗಿ ಅದೇ ತೂಕ. ಗಾಜಿನ ದಪ್ಪ ಕಳೆದಿಲ್ಲ, ಲೆಕ್ಕ ಸ್ವಲ್ಪ ಜಾಸ್ತಿ ಬಂದರೆ ನಷ್ಟವೇನಿಲ್ಲ.

12 ಮಿ.ಮೀ ಗಾಜು ಚದರ ಅಡಿಗೆ ಸುಮಾರು 2.8 ಕೆಜಿ. ತಳ ಮತ್ತು ನಾಲ್ಕು ಗೋಡೆ ಸೇರಿ 32 ಚದರ ಅಡಿ, ಅಂದರೆ 90 ಕೆಜಿ. ಮರಳು, ಕಲ್ಲು, ಸ್ಟ್ಯಾಂಡ್, ಕ್ಯಾನೊಪಿ (ತೊಟ್ಟಿಯ ಮೇಲೆ ಕೂರುವ ಮುಚ್ಚಳದ ಪೆಟ್ಟಿಗೆ) ಎಲ್ಲ ಸೇರಿಸಿದರೆ 600 ಕೆಜಿ ದಾಟಿತು. ಎಂಟು ಚದರ ಅಡಿ ಜಾಗದಲ್ಲಿ ಹತ್ತು ಜನ ಒತ್ತಿಕೊಂಡು, ರಾತ್ರಿ ಹಗಲು ಕದಲದೆ ನಿಂತ ಹಾಗೆ.

ನೆಲದ ಬಗ್ಗೆ ಒಂದೇ ಮಾತು. ಮನೆಯ ಕೋಣೆಗಳಿಗೆ ಐಎಸ್ 875 (ಕಟ್ಟಡ ಹೊರಬೇಕಾದ ಭಾರದ ಭಾರತೀಯ ಮಾನಕ) ಹೇಳುವ ಭಾರ ಚದರ ಮೀಟರಿಗೆ ಸುಮಾರು 200 ಕೆಜಿ. ತೊಟ್ಟಿಯ ಕೆಳಗೆ ಬೀಳುವುದು ಅದರ ನಾಲ್ಕು ಪಟ್ಟು. ನೋಡಿ ಹೆದರಿದ್ದೆ. ಆದರೆ ಆ 200 ಇಡೀ ಕೋಣೆಗೆ ಹರಡಿ ಹಿಡಿದ ಲೆಕ್ಕ, ಸ್ಲ್ಯಾಬಿನ ನಟ್ಟನಡುವೆ ಇಡದೆ ಕೆಳಗೆ ಬೀಮ್ ಇರುವ ಗೋಡೆ ಪಕ್ಕ ಉದ್ದಕ್ಕೆ ಇಟ್ಟರೆ ಕಥೆ ಬೇರೆ. ಮಹಡಿ ಮನೆಯಾದರೆ ಇಂಜಿನಿಯರ್‌ಗೆ ಒಮ್ಮೆ ತೋರಿಸಿ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ಹಳೆಯ ಮದ್ರಾಸ್ ತಾರಸಿ ಮೇಲಂತೂ ಸುಮ್ನೆ ಇಡಬೇಡಿ.

ಭಾರ ಇಳಿಯುವ ದಾರಿ

ಮೇಲಿನ ಚೌಕಟ್ಟು ಕಾಲುಗಳ ತಲೆಯ ಮೇಲೆ ಕೂರಬೇಕು. ಪಕ್ಕದಿಂದ ಅಂಟಿಸಿದರೆ ಇಡೀ ಭಾರ ಬೆಸುಗೆಯ ಮೇಲೇ ನೇತಾಡುತ್ತದೆ. ಮರದ ಸ್ಟ್ಯಾಂಡ್ ಆದರೆ ಸ್ಕ್ರೂ ಮೇಲೆ ಬೀಳುತ್ತದೆ. ಸ್ಕ್ರೂ ಕೆಲಸ ಮರವನ್ನು ಹಿಡಿದುಕೊಳ್ಳುವುದು, ಭಾರ ಹೊರುವುದಲ್ಲ.

ಓಲಾಟಕ್ಕೆ ಬೆಂಕಿಪೊಟ್ಟಣ ನೋಡಿ. ಕಡ್ಡಿಯ ತಟ್ಟೆ ಹೊರತೆಗೆದು ಹೊರಗಿನ ಹೊದಿಕೆಯನ್ನು ಬೆರಳಿಂದ ಒತ್ತಿ, ಓರೆಯಾಗಿ ಮಡಚಿಕೊಳ್ಳುತ್ತದೆ. ತಟ್ಟೆ ಒಳಗೆ ಹಾಕಿ ಒತ್ತಿ, ಜಗ್ಗುವುದಿಲ್ಲ. ಸ್ಟ್ಯಾಂಡಿನ ಹಿಂಬದಿಗೆ ಹೊಡೆಯುವ ಪ್ಲೈ ಮಾಡುವುದು ಅದೇ ಕೆಲಸ. ಫಿಲ್ಟರ್ ಪೈಪಿಗೆ ಜಾಗ ಬೇಕೆಂದು ಹಿಂದಿನ ಹಲಗೆಯನ್ನೇ ಬಿಡಬೇಡಿ, ತೂತು ಕೊರೆಯಿರಿ.

ನಾನು ಮುಗ್ಗರಿಸಿದ್ದು ಇಲ್ಲಿ

ವೆಲ್ಡಿಂಗ್ ಮುಗಿಸಿ ಸ್ಟ್ಯಾಂಡ್ ಮನೆಗೆ ಬಂತು. ರಸಮಟ್ಟ ಇಟ್ಟೆ. ಉದ್ದಕ್ಕೆ ಗುಳ್ಳೆ ಮಧ್ಯದಲ್ಲಿ, ಅಗಲಕ್ಕೂ ಮಧ್ಯದಲ್ಲಿ. ಆಯ್ತು ಅಂದುಕೊಂಡೆ. ಪ್ಲೈ ಕೂರಿಸಲು ಬಂದ ಆಚಾರ್ರು ಒಂದು ಮೂಲೆಯನ್ನು ದಿಟ್ಟಿಸಿ ನೋಡಿ, "ಸಾರ್, ಇದು ತಿರುಚಿಕೊಂಡಿದೆ" ಅಂದರು.

"ಗುಳ್ಳೆ ಮಧ್ಯಕ್ಕಿದೆಯಲ್ಲ ಆಚಾರ್ರೇ?"

"ನೀವಿಟ್ಟ ಜಾಗದಲ್ಲಿ ಇದೆ. ಆ ಕಡೆ ಇಟ್ಟು ನೋಡಿ."

ನೋಡಿದೆ. ನಾನು ಅಳೆದದ್ದು ಮುಂದಿನ ಪೈಪ್ ಮತ್ತು ಎಡಗಡೆ ಪೈಪ್ ಮಾತ್ರ. ಹಿಂದಿನ ಪೈಪಿಗೆ ಇಟ್ಟ ಕೂಡಲೇ ಗುಳ್ಳೆ ಪಕ್ಕಕ್ಕೆ ಓಡಿತು. ಮೂರು ಮೂಲೆ ಒಂದೇ ಎತ್ತರದಲ್ಲಿದ್ದವು, ಹಿಂದೆ ಬಲಗಡೆಯದು ಎದ್ದಿತ್ತು. ಬೆಸುಗೆ ತಣ್ಣಗಾಗುವಾಗ ಲೋಹ ಕುಗ್ಗಿ ಪೈಪನ್ನು ಎಳೆದುಬಿಡುತ್ತದೆ. ಮೊದಲು ಎಲ್ಲ ಮೂಲೆಗೂ ಚುಕ್ಕೆ ಬೆಸುಗೆ ಹಾಕಿ, ಆಮೇಲೆ ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ತುಂಬಿಸಿದರೆ ಇದು ಕಡಿಮೆ. ನನ್ನದನ್ನು ಒಂದು ಮೂಲೆಯಿಂದ ಶುರುಮಾಡಿ ಸುತ್ತಿ ಬಂದಿದ್ದರು.

ನಾವು ಎರಡಕ್ಕೂ "ಮಟ್ಟ" ಅಂತಲೇ ಅನ್ನುತ್ತೇವೆ, ನನ್ನ ಗೊಂದಲ ಹುಟ್ಟಿದ್ದೇ ಅಲ್ಲಿ. ಮಟ್ಟ ಅಂದರೆ ಓರೆ ಇಲ್ಲದಿರುವುದು. ಸಪಾಟು ಅಂದರೆ ಉಬ್ಬು, ತಗ್ಗು, ತಿರುಚು ಇಲ್ಲದಿರುವುದು. ಇಳಿಜಾರಿನಲ್ಲಿಟ್ಟ ಗಾಜಿನ ಹಲಗೆ ಸಪಾಟಾಗಿದೆ, ಮಟ್ಟವಾಗಿಲ್ಲ. ನನ್ನ ಸ್ಟ್ಯಾಂಡ್ ಅಳೆದ ಎರಡು ಪೈಪಿನಲ್ಲಿ ಮಟ್ಟವಾಗಿತ್ತು, ಆದರೆ ಸಪಾಟಾಗಿರಲಿಲ್ಲ.

ಯಾವುದು ಜಾಸ್ತಿ ಅಪಾಯ? ಓರೆಯನ್ನೇ ಮೊದಲು ತಗೊಳ್ಳಿ. ಉದ್ದಕ್ಕೆ 6 ಮಿ.ಮೀ ಓರೆ ಇದ್ದರೆ ಒಂದು ತುದಿಗಿಂತ ಇನ್ನೊಂದು ತುದಿಯಲ್ಲಿ ನೀರು 6 ಮಿ.ಮೀ ಆಳ ಜಾಸ್ತಿ. ಆಳ ಹತ್ತಿರ ಹತ್ತಿರ 600 ಮಿ.ಮೀ, ಅಂದರೆ ಒತ್ತಡದ ವ್ಯತ್ಯಾಸ ನೂರಕ್ಕೆ ಒಂದು. ನೀರಿನ ಗೆರೆ ಸೊಟ್ಟಗೆ ಕಂಡು ಕಣ್ಣು ಕುಕ್ಕುತ್ತದೆ, ಸರಿ ಮಾಡಬೇಕು, ಆದರೆ ಗಾಜಿಗೆ ಅದು ದೊಡ್ಡ ಹೊರೆಯಲ್ಲ. ತಿರುಚು ಹಾಗಲ್ಲ. ಗಾಜು ಪ್ಲೈ ತರಹ ಬಾಗಿ ಹೊಂದಿಕೊಳ್ಳುವುದಿಲ್ಲ. ಮೇಲೆ 400 ಲೀಟರ್ ನೀರು ಒತ್ತುತ್ತಿರುವಾಗ ಎದ್ದ ಮೂಲೆ ಕೆಳಗಿನಿಂದ ತಿವಿಯುತ್ತದೆ. ತಳದ ಗಾಜು ಸೀಳಬಹುದು, ಇಲ್ಲವೇ ಮೂಲೆಯ ಸಿಲಿಕೋನ್ ಅಂಟು ಬಿಡಬಹುದು.

ಆಚಾರ್ರ ದಾರದ ಪರೀಕ್ಷೆ

ಬಾಗಿಲ ಚೌಕಟ್ಟಿಗೆ ಅವರು ಮಾಡುವುದು ಇದನ್ನೇ. ಎರಡು ದಾರ ತಗೊಂಡು ಮೂಲೆಯಿಂದ ಎದುರು ಮೂಲೆಗೆ ಬಿಗಿಯಾಗಿ ಕಟ್ಟಿ, ಮಧ್ಯದಲ್ಲಿ ಒಂದರ ಮೇಲೊಂದು ಹಾಯುವಂತೆ. ಮಧ್ಯದಲ್ಲಿ ದಾರಗಳು ತಾಗಿಯೂ ತಾಗದಂತೆ ಮುತ್ತಿಕ್ಕಿದರೆ ತಿರುಚಿಲ್ಲ.

ಇದರಲ್ಲೂ ಎರಡು ಕಡೆ ಏಮಾರಿದೆ. ಮೊದಲ ಸಲ ದಾರಗಳು ತಾಗುತ್ತಿದ್ದವು, ಖುಷಿಪಟ್ಟೆ. ಆಚಾರ್ರು ಕೆಳಗಿನ ದಾರ ಬಿಚ್ಚಿ ಮೇಲಿನಿಂದ ಹಾಯಿಸಿ ಕಟ್ಟಿಸಿದರು. ಈಗ ಮಧ್ಯದಲ್ಲಿ ಸಂದಿ! ಮೊದಲು ಕೆಳಗಿನ ದಾರ ಮೇಲಿನದನ್ನು ಎತ್ತಿ ಹಿಡಿದಿತ್ತು, ಅದಕ್ಕೇ ಸಂದಿ ಕಾಣಿಸಿರಲಿಲ್ಲ. ಹಾಗಾಗಿ ಅದಲುಬದಲು ಮಾಡಿ ಎರಡು ಸಲ ನೋಡಲೇಬೇಕು.

ಎರಡನೆಯದು ಲೆಕ್ಕ. ಸಂದಿ 2 ಮಿ.ಮೀ ಇತ್ತು. ಮೂಲೆಯೂ 2 ಮಿ.ಮೀ ಎದ್ದಿದೆ ಅಂದುಕೊಂಡೆ. ಅಲ್ಲ, 4! ಯಾಕೆ ಅಂತ ತಲೆಗೆ ಹೋಗಲು ಒಂದು ಸಂಜೆ ಬೇಕಾಯಿತು. ದಾರದ ಒಂದು ತುದಿ ಸೊನ್ನೆ ಎತ್ತರದಲ್ಲಿದೆ, ಇನ್ನೊಂದು ತುದಿ 4 ಮಿ.ಮೀ ಎತ್ತರದಲ್ಲಿ. ದಾರ ನೇರವಾಗಿ ಏರುತ್ತಾ ಹೋಗುತ್ತದೆ, ಅಲ್ವಾ? ಅರ್ಧ ದಾರಿಗೆ ಬಂದಾಗ ಅರ್ಧ ಎತ್ತರ, ಅಂದರೆ 2. ಇನ್ನೊಂದು ದಾರದ ಎರಡೂ ತುದಿ ಸೊನ್ನೆಯಲ್ಲಿವೆ, ಹಾಗಾಗಿ ಅದರ ಮಧ್ಯವೂ ಸೊನ್ನೆ. ಎರಡರ ನಡುವಿನ ಸಂದಿ 2. ಮಧ್ಯದಲ್ಲಿ ಕಂಡದ್ದನ್ನು ಎರಡರಿಂದ ಗುಣಿಸಿದರೆ ಮೂಲೆಯ ತಪ್ಪು ಸಿಗುತ್ತದೆ.

ಥರ್ಮೋಕೋಲ್ ಹಾಳೆ ಹಾಕಿಬಿಡಿ, ಎಲ್ಲ ಸರಿಹೋಗುತ್ತದೆ ಅಂತ ಒಬ್ಬರು ಹೇಳಿದ್ದರು. ತಳಕ್ಕೆ ಪ್ಲಾಸ್ಟಿಕ್ ಕಟ್ಟು ಇಲ್ಲದ ತೊಟ್ಟಿಗೆ ಥರ್ಮೋಕೋಲ್ ಬೇಕೇ ಬೇಕು. ಮರಳಿನ ಕಣ, ಬಣ್ಣದ ಉಂಡೆ, ಪ್ಲೈ ಮೇಲಿನ ಸಣ್ಣ ಉಬ್ಬು, ಇಂಥವನ್ನು ಅದು ನುಂಗುತ್ತದೆ. ತಿರುಚನ್ನು ಅದರ ಕೈಗೆ ಒಪ್ಪಿಸುವುದು ತಪ್ಪು. ನಾನು ಸ್ಟ್ಯಾಂಡ್ ವಾಪಸ್ ಕಳಿಸಿ, ಒಂದು ಬೆಸುಗೆ ಕತ್ತರಿಸಿ ಮತ್ತೆ ಕೂಡಿಸಿದೆ.

ನೆಲದ ಇಳಿಜಾರಿಗೆ ಚಕ್ಕೆ ಕೊಡುವುದಾದರೆ ಸ್ಟ್ಯಾಂಡಿನ ಕಾಲಿನ ಕೆಳಗೆ, ಅದೂ ಪ್ಲಾಸ್ಟಿಕ್ ಅಥವಾ ಲೋಹದ್ದು. ತೊಟ್ಟಿಗೂ ಸ್ಟ್ಯಾಂಡಿಗೂ ನಡುವೆ ಚಕ್ಕೆ ತುರುಕಬಾರದು.

ಪ್ಲೈ, ಬಣ್ಣ

ಐಎಸ್ 710 ಗುರುತಿನ ಮೆರೈನ್ ಪ್ಲೈ (ನೀರು ತಾಳುವ ಪ್ಲೈವುಡ್), 18 ಮಿ.ಮೀ. ಪಾರ್ಟಿಕಲ್ ಬೋರ್ಡ್ ಬೇಡ, ನೀರು ಕುಡಿದು ರಸ್ಕಿನ ಹಾಗೆ ಉಬ್ಬುತ್ತದೆ. ಪೈಪಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಹೊಡೆದು ಆಮೇಲೆ ಬಣ್ಣ. ಪ್ಲೈ ಕತ್ತರಿಸಿದ ಅಂಚಿಗೆ ಎರಡು ಕೋಟ್ ಜಾಸ್ತಿ ಕೊಡಿ, ನೀರು ಮೊದಲು ಒಳಹೋಗುವುದು ಅಲ್ಲಿಂದಲೇ.

ಕ್ಯಾನೊಪಿ

ಇದು ಭಾರ ಹೊರಬೇಕಿಲ್ಲ, ಆದ್ದರಿಂದ 12 ಮಿ.ಮೀ ಪ್ಲೈ ಸಾಕು. ಅಡಿ ಇಲ್ಲದ ಪೆಟ್ಟಿಗೆ, ಒಳಗೆ ಸಣ್ಣ ರೀಪರ್ (ಮರದ ಪಟ್ಟಿ) ಹೊಡೆದು ಗಾಜಿನ ಮೇಲಂಚಿನ ಮೇಲೆ ಕೂರಿಸುವುದು. ಒಳಗೆ ಸದಾ ಹಬೆ. ಹಿಂದೆ ಗಾಳಿಗೆ ಕಿಂಡಿ ಬಿಡಿ, ಹಾರುವ ಮೀನಿದ್ದರೆ ಕಿಂಡಿಗೆ ಜಾಲರಿ. ಒಳಗೋಡೆಗೆ ಬಿಳಿ ಬಣ್ಣ ಹೊಡೆದರೆ ಬೆಳಕು ಕೆಳಗೇ ತಿರುಗುತ್ತದೆ. ಲೈಟಿನ ವೈರ್ ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮತ್ತೆ ಮೇಲೇರಬೇಕು, ಆಗ ವೈರ್ ಗುಂಟ ಇಳಿದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಕರೆಂಟ್ ಲೈನಿಗೆ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿತಗೊಳಿಸುವ ಸ್ವಿಚ್) ಇದೆಯೇ ನೋಡಿಕೊಳ್ಳಿ.

ಮುಂದಿನ ಮುಚ್ಚಳಕ್ಕೆ ಕಬ್ಬಿಣದ ಕೀಲು ಹಾಕಿದ್ದೆ, ಆಗಲೇ ಕಂದು ಬಣ್ಣ ತಿರುಗಿದೆ. ಸ್ಟೇನ್‌ಲೆಸ್ ತರಬೇಕು.

ನೀರು ಈಗ ಮೂರನೇ ಒಂದು ಭಾಗ ಮಾತ್ರ ತುಂಬಿಸಿದ್ದೇನೆ. ನಾಲ್ಕೂ ಮೂಲೆಯಲ್ಲಿ ಗಾಜಿನ ಮೇಲಂಚಿನಿಂದ ನೀರಿನವರೆಗೆ ಸ್ಕೇಲ್ ಇಟ್ಟು ಅಳೆದೆ. ಮುಂದಿನ ಎರಡಕ್ಕಿಂತ ಹಿಂದಿನ ಎರಡು 1 ಮಿ.ಮೀ ಕಡಿಮೆ. ಎರಡೂ ಒಂದೇ ಅಳತೆ ಕಡಿಮೆ ಇರುವುದರಿಂದ ಇದು ಓರೆ, ತಿರುಚಲ್ಲ. ನಾಳೆ ಬೆಳಿಗ್ಗೆ ಮತ್ತೊಮ್ಮೆ ಅಳೆದು, ಹಾಗೇ ಇದ್ದರೆ ಪೂರ್ತಿ ತುಂಬಿಸುತ್ತೇನೆ.